ಡೊಂಕು ಎಂಬ ಪದ

ಹೊಳೆದಂಡೆಯ ಆಶ್ರಮದಲ್ಲಿ ಗುರುಗಳು ಒಂದು ನಿಘಂಟು ಬರೆಸುತ್ತಿದ್ದರು. ದಿನಕ್ಕೊಂದು ಪದ. ಅದರ ಅರ್ಥವನ್ನೂ ಬಳಕೆಗೆ ಒಂದು ವಾಕ್ಯವನ್ನೂ ಶಿಷ್ಯನೊಬ್ಬ ಓಲೆಯ ಮೇಲೆ ಬರೆಯಬೇಕು. ವಾಕ್ಯದಲ್ಲಿ ಹೇಳಿದ್ದು ಕಣ್ಣಾರೆ ಕಂಡದ್ದಾಗಿರಬೇಕು. ಬೆಳಿಗ್ಗೆ ಎಲ್ಲರೂ ಸೇರಿ ಅದನ್ನು ಮೂರು ಸಲ ಗಟ್ಟಿಯಾಗಿ ಓದಬೇಕು.

ಶಂಭುಲಿಂಗನ ಪಾಲಿಗೆ ಬಂದ ಪದ, ಡೊಂಕು.

ಅವನು ಬರೆದ: ‘ಡೊಂಕು ಎಂದರೆ ನೆಟ್ಟಗಿಲ್ಲದ್ದು. ಬಳಕೆ: ಅಡುಗೆಯ ದ್ಯಾವಕ್ಕನ ಬೆನ್ನು ಡೊಂಕು.’

ಏಳು ಮಂದಿ ಮೂರು ಸಲ ಓದಿದರು. ಮೂರನೆಯ ಸಲಕ್ಕೆ ಯಾರೋ ಕಿಸಕ್ಕನೆ ನಕ್ಕರು.

ಒಲೆಯ ಮುಂದಿದ್ದ ದ್ಯಾವಕ್ಕ ಸೌಟು ಕೆಳಗಿಟ್ಟು ಮನೆಗೆ ಹೋದಳು. ಮರುದಿನ ಬರಲಿಲ್ಲ.

ಗುರುಗಳು ಶಂಭುಲಿಂಗನನ್ನು ಕರೆದರು.

“ನಾನು ಕಂಡದ್ದನ್ನೇ ಬರೆದೆ ಗುರುಗಳೇ. ಅದು ಸುಳ್ಳೇ?”

“ಸುಳ್ಳಲ್ಲ. ಎಲ್ಲಿಂದ ಕಂಡೆ?”

“ಅವಳು ನೀರು ಹೊತ್ತು ಮೆಟ್ಟಿಲು ಹತ್ತುವಾಗ. ಹಿಂದಿನಿಂದ.”

“ಮುಂದಿನಿಂದ ಕಂಡು ಬಾ. ಅವಳು ಬರದಿದ್ದರೆ ನೀನೂ ಬರಬೇಡ.”

ದ್ಯಾವಕ್ಕ ತನ್ನ ಮನೆಯ ಅಂಗಳದಲ್ಲಿ ನಿಂತು ರಾಗಿ ಕೇರುತ್ತಿದ್ದಳು. ತಲೆ ಎತ್ತಲಿಲ್ಲ, ಎತ್ತಲು ಅವಳಿಗೆ ಆಗುತ್ತಿರಲಿಲ್ಲ.

ಮೂರು ವರ್ಷ ಅವಳ ಕೈಯಡುಗೆ ಉಂಡ ಶಂಭುಲಿಂಗನಿಗೆ ಅವಳ ಮುಖ ಹೇಗಿದೆ ಎಂಬುದು ನೆನಪಾಗಲಿಲ್ಲ. ನಿಂತು ನೋಡಿದರೆ ನೆತ್ತಿಯಷ್ಟೇ ಕಾಣುತ್ತಿತ್ತು. ಅವನು ಮಣ್ಣಿನಲ್ಲಿ ಮಂಡಿಯೂರಿ, ಬೆನ್ನು ಬಗ್ಗಿಸಿ, ಕತ್ತು ವಾಲಿಸಿ ನೋಡಿದ.

“ಏನಪ್ಪಾ ಪಂಡಿತ, ಇನ್ನೂ ನನ್ನ ಅಳತೆ ಮುಗೀಲಿಲ್ವಾ?”

“ತಪ್ಪಾಯಿತು ದ್ಯಾವಕ್ಕ.”

“ಇರೋದನ್ನೇ ಬರೆದೆ. ಅದಕ್ಕೆ ಬೇಜಾರಿಲ್ಲ. ಇಷ್ಟು ದಿನ ಎದುರಿಗೇ ಇದ್ದೆ. ನಿನ್ನ ಕಣ್ಣಿಗೆ ಬಿದ್ದದ್ದು ಅದೊಂದೇನಾ ಅಂತ...”



ಶಂಭುಲಿಂಗ ಏಳಲಿಲ್ಲ. ಬಿಸಿಲು ಏರಿತು. ಅವಳು ರಾಗಿಯನ್ನೆಲ್ಲ ಕೇರಿ, ಮೊರವನ್ನು ಗೋಡೆಗೆ ಒರಗಿಸಿದಳು.

“ನಿನ್ನೆಯಿಂದ ಏನು ತಿಂದೆ?”

“ಏನೂ ಇಲ್ಲ.”

“ಏಳು ಮಗಾ. ನಡಿ, ಒಲೆ ಹಚ್ಚಬೇಕು.”

ಅವಳ ಹಿಂದೆ ನಡೆಯಲು ಅವನಿಗೆ ಮನಸ್ಸಾಗಲಿಲ್ಲ. ಪಕ್ಕದಲ್ಲಿ, ಅವಳ ಹೆಜ್ಜೆಗೆ ಹೆಜ್ಜೆಯಿಟ್ಟು ಆಶ್ರಮಕ್ಕೆ ಬಂದ.

ಅಡುಗೆಮನೆಯಿಂದ ಹೊಗೆ ಎದ್ದ ಮೇಲೆ ಗುರುಗಳ ಎದುರು ಕುಳಿತ.

“ಆ ವಾಕ್ಯವನ್ನು ಹೊಡೆದುಹಾಕುತ್ತೇನೆ ಗುರುಗಳೇ. ಅದರ ಬದಲು ಏನು ಬರೆಯಲಿ?”

“ದ್ಯಾವಕ್ಕ ನಿನ್ನನ್ನು ಏನೆಂದು ಕರೆದಳು?”

“ಮಗಾ ಅಂದಳು.”

ಗುರುಗಳು ಹೊಸ ಓಲೆಯೊಂದನ್ನು ಅವನ ಮುಂದೆ ಸರಿಸಿದರು.

“ಮೊದಲು ಆ ಪದಕ್ಕೆ ಅರ್ಥ ಬರೆ.”