ಉಪ್ಪಿನ ಗಡಿಗೆಗೆ ಬಟ್ಟೆ ಕಟ್ಟಿದ ಊರು

ಬಹಳ ಹಿಂದೆ, ಒಂದೂರಿನಲ್ಲಿ. ಎಷ್ಟು ಹಿಂದೆ ಅಂತ ಕೇಳಬೇಡಿ, ನನ್ನ ಅಜ್ಜಿಯ ಅಜ್ಜಿಗೂ ಇದು ಹಳೆಯ ಕತೆಯೇ. ಕಡಲ ಹಿನ್ನೀರಿನ ದಡದ ಊರು ಅದು. ಊರಿಗೆ ಊರೇ ಉಪ್ಪು ತೆಗೆಯುವವರು. ಗದ್ದೆಯಂಥ ಆಗರಗಳಿಗೆ ಉಪ್ಪುನೀರು ಹಾಯಿಸುವುದು, ಬಿಸಿಲಿಗೆ ಬಿಡುವುದು, ಹಲಗೆಯಿಂದ ಉಪ್ಪು ಎಳೆದು ರಾಶಿ ಹಾಕುವುದು. ಕೂಸಿಗೆ ದೃಷ್ಟಿ ತೆಗೆಯಲೂ ಉಪ್ಪು, ಆಣೆ ಇಡಲೂ ಉಪ್ಪು.

ಆ ಊರಿನಲ್ಲಿ ಹೊನ್ನಿ ಅಂತ ಒಬ್ಬ ಹುಡುಗಿ ಇದ್ದಳಂತೆ. ಎಂಟೋ ಒಂಬತ್ತೋ ವರ್ಷ. ಅಪ್ಪ ಅಮ್ಮ ಇಲ್ಲ, ಸಾಕಿದವಳು ಅಜ್ಜಿ ಬೀರಮ್ಮ. ಒಂದು ವರ್ಷ ಆ ಹುಡುಗಿಯ ಕುತ್ತಿಗೆಯಲ್ಲಿ ಗಡ್ಡೆ ಎದ್ದಿತು. ಮೊದಲು ಹುಣಸೆಬೀಜದಷ್ಟು, ಆಮೇಲೆ ನಿಂಬೆಹಣ್ಣಿನಷ್ಟು. ಈಗಿನವರು ಕ್ಯಾನ್ಸರ್ ಅಂತಾರೆ. ಆಗ ದುರ್ಮಾಂಸ ಅಂತಿದ್ದರು, ಅದೂ ದನಿ ತಗ್ಗಿಸಿ.

ಘಟ್ಟದ ಬುಡದಿಂದ ಮಾಸ್ತಿಗೌಡ ಎಂಬ ನಾಟಿ ವೈದ್ಯನನ್ನು ಕರೆಸಿದರು. ಅವನು ಗಡ್ಡೆ ಮುಟ್ಟಿ ನೋಡಿ, ಬದುಕಿಸುತ್ತೇನೆ ಅಂತ ಹೇಳಲಾರೆ, ಕೈಯಂತೂ ಬಿಡುವುದಿಲ್ಲ ಅಂದನಂತೆ. ಗಡ್ಡೆಯ ಮೇಲೆ ವಾರಕ್ಕೊಮ್ಮೆ ಲೇಪ. ಕೆಂಡ ಇಟ್ಟ ಹಾಗೆ ಸುಡುವ ಲೇಪ ಅಂತಾರೆ. ದಿನಾ ಒಂದು ಕಷಾಯ, ಕುಡಿದರೆ ಕರುಳು ಬಾಯಿಗೆ ಬರುವಂಥದ್ದು. ಆ ಕಷಾಯದ ಉಷ್ಣಕ್ಕೆ ಹುಡುಗಿಯ ಕೂದಲೆಲ್ಲ ಉದುರಿತಂತೆ. ಇಷ್ಟರ ಮೇಲೆ ಪಥ್ಯ. ಔಷಧ ಮುಗಿಯುವವರೆಗೆ ನಾಲಿಗೆಗೆ ಒಂದು ಹರಳು ಉಪ್ಪೂ ತಾಗಬಾರದು. ತಾಗಿದರೆ ಎಲ್ಲ ಮೊದಲಿನಿಂದ ಶುರು.

ಉಪ್ಪಿನ ಊರಿನಲ್ಲಿ ಉಪ್ಪಿಲ್ಲದ ಪಥ್ಯ! ಗಾಳಿ ಬೀಸಿದರೆ ಉಪ್ಪು, ಪಕ್ಕದ ಮನೆಯಲ್ಲಿ ಒಣಮೀನು ಸುಟ್ಟರೆ ಉಪ್ಪಿನ ವಾಸನೆ. ಹೊನ್ನಿ ಬಾಗಿಲು ಹಾಕಿಕೊಂಡು ಸಪ್ಪೆ ಗಂಜಿ ಕುಡಿಯುತ್ತಿದ್ದಳಂತೆ. ಲೇಪ ಹಚ್ಚುವಾಗ ಕೈಕಾಲು ಹಿಡಿಯಲು ಬಂದವರಿಗೆ, ಹಿಡಿಯಬೇಡಿ, ನಾನು ಅಲ್ಲಾಡುವುದಿಲ್ಲ ಅನ್ನುತ್ತಿದ್ದಳಂತೆ. ಅಲ್ಲಾಡುತ್ತಲೂ ಇರಲಿಲ್ಲ ಅಂತಾರೆ. ಅದನ್ನು ನಾನು ಪೂರ್ತಿ ನಂಬುವುದಿಲ್ಲ. ಅತ್ತಿರುತ್ತಾಳೆ, ಮಗು ತಾನೇ. ಅತ್ತರೆ ಧೈರ್ಯ ಕಡಿಮೆಯಾಗುತ್ತದೆಯೇ?

ಅರ್ಧ ಔಷಧ ಮುಗಿದಿತ್ತು. ಒಂದು ದಿನ ಮಾಸ್ತಿಗೌಡ ಲೇಪ ಸುಟ್ಟ ಗಾಯ ನೋಡಿದವನೇ ಕೈ ಹಿಂದೆ ತೆಗೆದನಂತೆ. ಹೊಟ್ಟೆಗೆ ಉಪ್ಪು ಬಿದ್ದಿದೆ, ಯಾರು ಕೊಟ್ಟಿರಿ ಅಂತ ಕೇಳಿದ. ಅಂಗಳದ ತುಂಬ ಜನ. ಆಗ ಹೊನ್ನಿ ಹೇಳಿದಳಂತೆ:

"ಯಾರೂ ಕೊಡ್ಲಿಲ್ಲ. ನಾನೇ ಆಗರಕ್ಕೆ ಹೋಗಿ ನೆಕ್ಕಿದೆ."

ಊರಿನ ಹಿರಿಯ ತಿಮ್ಮಣ್ಣನಿಗೆ ಸಿಟ್ಟು ಬಂತು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಅಂದುಬಿಟ್ಟ. ಮಗುವಿಗೆ ಹೇಳುವ ಮಾತೇ ಅದು? ಹೊನ್ನಿ ಮೊದಲ ದಿನದ ಲೇಪ ಮತ್ತೆ ಹಚ್ಚಿಸಿಕೊಳ್ಳಲು ಚಾಪೆಯ ಮೇಲೆ ಮಲಗಿದಳು. ಲೇಪ ತಾಗಿತು. ಹುಡುಗಿ ಸೆರಗು ಕಚ್ಚಿ ಹಿಡಿದಳು. ಅದು ತಲೆಯ ಹತ್ತಿರ ಕೂತಿದ್ದ ಬೀರಮ್ಮನ ಸೆರಗು.

ಬೀರಮ್ಮನಿಗೆ ತಡೆಯಲಾಗಲಿಲ್ಲ. ಅಂಗಳಕ್ಕೆ ಬಂದು ಎಲ್ಲರ ಎದುರು ಎದೆ ಬಡಿದುಕೊಂಡಳಂತೆ.

"ನಾನು ಹಾಕ್ದೆ, ನಾನೇ ಹಾಕ್ದೆ! ಕೂಸು ಗಂಜಿ ದೂಡಿ ಗೋಡೆ ನೋಡ್ತಿತ್ತು. ಒಂದೇ ಹರಳು ಹಾಕ್ದೆ. ಬಾಯಿಗಿಟ್ಟ ಕೂಡ್ಲೇ ಅದಕ್ಕೆ ತಿಳೀತು. ನನ್ನ ಮುಖ ನೋಡ್ತು, ನನ್ನ ಹೆಸ್ರು ಹೇಳ್ಲಿಲ್ಲ!"

ಯಾರೂ ಅವಳನ್ನು ಬೈಯಲಿಲ್ಲ. ಯಾವ ಬಾಯಲ್ಲಿ ಬೈದಾರು? ಆ ಊರಲ್ಲಿ ಯಾವ ಅಜ್ಜಿಯಾದರೂ ಅದನ್ನೇ ಮಾಡುತ್ತಿದ್ದಳು. ತಿಮ್ಮಣ್ಣ ತಲೆ ತಗ್ಗಿಸಿ ಮನೆಗೆ ಹೋದ. ಮಾರನೆಯ ಬೆಳಿಗ್ಗೆ ತನ್ನ ಮನೆಯ ಉಪ್ಪಿನ ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ, ತಂದು ಹೊನ್ನಿಯ ಜಗಲಿಯ ಮೇಲಿಟ್ಟನಂತೆ. ನೀನು ಉಪ್ಪು ಉಣ್ಣುವ ದಿನ ನಾನೂ ಉಣ್ಣುತ್ತೇನೆ ಮಗಾ, ಅಂದನಂತೆ. ಹಿಂದೆಯೇ ಪಕ್ಕದ ಮನೆಯ ಗಡಿಗೆ ಬಂತು. ಅದರ ಹಿಂದೆ ಇನ್ನೊಂದು. ಸಂಜೆಯೊಳಗೆ ಜಗಲಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ ಅಂತಾರೆ.

ಹಗಲಿಡೀ ಉಪ್ಪಿನಲ್ಲಿ ನಿಂತು ದುಡಿಯುವ ಜನ, ಮನೆಗೆ ಬಂದು ಸಪ್ಪೆ ಗಂಜಿ ಉಂಡರಂತೆ. ಒಣಮೀನು ಅಟ್ಟ ಸೇರಿತು. ಒಬ್ಬ ಪುಣ್ಯಾತ್ಮ ಪಕ್ಕದೂರಿನ ಮದುವೆಗೆ ಹೋಗಿ ಉಪ್ಪಿನಕಾಯಿ ಚಪ್ಪರಿಸಿ ಬಂದನಂತೆ. ಹೆಂಡತಿ ಒಂದು ವಾರ ಮಾತು ಬಿಟ್ಟಳು. ಹೊನ್ನಿ ಅದನ್ನು ಕೇಳಿ ಬಿದ್ದು ಬಿದ್ದು ನಕ್ಕಳಂತೆ. ಈಗ ಅವಳು ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ. ಜಗಲಿಯಲ್ಲಿ ಕೂತು, ಹೋಗಿಬರುವವರ ಕಣ್ಣೆದುರೇ ಗಂಜಿ ಕುಡಿಯುತ್ತಿದ್ದಳು.

ಗಡ್ಡೆ ಇಳಿಯಿತು. ಇನ್ನು ಉಣ್ಣಬಹುದು ಅಂತ ಮಾಸ್ತಿಗೌಡ ಹೇಳಿದ ದಿನ ಊರೆಲ್ಲ ಅಂಗಳದಲ್ಲಿ ಬಟ್ಟಲು ಹಿಡಿದು ಕೂತಿತು. ಮೊದಲು ನೀನು ಅಂದರು ಹೊನ್ನಿಗೆ. ಅವಳು ಗಡಿಗೆ ಬಿಚ್ಚಿ, ಒಂದು ಚಿಟಿಕೆ ತೆಗೆದು, ಅಜ್ಜಿಯ ಗಂಜಿಗೆ ಹಾಕಿದಳಂತೆ.

ಆಮೇಲೆ ಬದುಕಿದಳಾ ಅಂತ ಎಲ್ಲರೂ ಕೇಳುತ್ತಾರೆ. ಮುದುಕಿಯಾಗುವವರೆಗೆ ಉಪ್ಪು ಎಳೆದಳು ಅಂತಾರೆ. ಗಡ್ಡೆ ತಿರುಗಿ ಬಂತು ಅಂತಲೂ ಅಂತಾರೆ. ನನ್ನ ಅಜ್ಜಿ ಬದುಕಿದಳು ಅಂದಿದ್ದಳು. ನಾನೂ ಬದುಕಿದಳು ಅಂತಲೇ ಹೇಳುತ್ತೇನೆ.

ಈಗ ಅಲ್ಲಿಯ ಮಕ್ಕಳಿಗೆ ಅಂಥ ರೋಗ ಬಂದರೆ ಪೇಟೆಯ ದೊಡ್ಡ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಹೋಗಲೇಬೇಕು, ಗಡಿಗೆಗೆ ಬಟ್ಟೆ ಕಟ್ಟಿದರೆ ರೋಗ ವಾಸಿಯಾಗದು. ಆದರೂ ಮಗು ಗುಣವಾಗಿ ಮನೆಗೆ ಬರುವವರೆಗೆ ಕೇರಿಯ ಮನೆಗಳಲ್ಲಿ ರಾತ್ರಿಯೂಟಕ್ಕೆ ಉಪ್ಪು ಹಾಕುವುದಿಲ್ಲ. ನೆಂಟರು ಬಂದರೂ ಅದೇ ಸಪ್ಪೆ ಊಟ. ಗೊತ್ತಿದ್ದ ನೆಂಟ ಉಪ್ಪು ಕೇಳುವುದಿಲ್ಲ. ಯಾರ ಮನೆ ಕೂಸು ಅಂತ ಕೇಳಿ, ಬಡಿಸಿದ್ದನ್ನು ಉಂಡು ಏಳುತ್ತಾನೆ.