ಸಾತವ್ವ ಕೌದಿ ಹೊಲಿದದ್ದು ಯಾರಿಗೆ

ಕೇಳ್ರವ್ವ, ಹೊಳಿಗಿನ್ನೂ ಸೇತುವಿ ಇರದಿದ್ದ ಕಾಲದಾಗ, ದಂಡಿ ಮ್ಯಾಲಿನ ಒಂದೂರಾಗ ಸಾತವ್ವ ಅಂತ ಒಬ್ಬಾಕಿ ಇದ್ಲಂತ. ನಾ ಕಂಡಿಲ್ಲ, ನಮ್ಮಜ್ಜಿನೂ ಕಂಡಿಲ್ಲ. ಆದ್ರ ಕಂಡೋರಿಗಿಂತ ನಮಗ ಹೆಚ್ಚು ಗೊತ್ತೈತಿ.

ಆಕಿ ಸೂಜಿ ಹಿಡಿದ್ರ ಇರುವಿ ಸಾಲು ಹರಿದಂಗ ಹೊಲಿಗಿ ಹರೀತಿತ್ತಂತ. ಕೌದಿ ಬಿಸಲಿಗೆ ಹಾಕಿದ್ರ ಪಾತರಗಿತ್ತಿ ಹೂವು ಅಂತ ತಿಳಿದು ಬಂದು ಕುಂಡ್ರತಿದ್ವಂತ. ಗಂಡ ತೀರಿದ ಮ್ಯಾಲ ಆಕಿ ನೆಗೆಣ್ಣಿ, ಗಂಡನ ಅಣ್ಣನ ಹೆಂಡ್ತಿ ಫಕೀರವ್ವ, ಬಾಯಿ ನೋಡಿದ್ರ ಬೆಲ್ಲ, ಹೊಟ್ಟ್ಯಾಗ ಸುಣ್ಣ, ಅಂದ್ಲಂತ: "ಸುಗ್ಗಿ ಮುಗಿಯೂದ್ರೊಳಗ ನಿನ್ನ ಒಲಿ ನೀ ಹಚ್ಕೊ. ಆಗಲಿಲ್ಲಂದ್ರ ಮನಿ ಬಿಟ್ಟು ತವರಿಗೆ ನಡಿ." ತವರಾಗ ಏನಿತ್ತು? ಬಿದ್ದ ಗ್ವಾಡಿ, ಅದರ ಮ್ಯಾಲೊಂದು ಬೆಕ್ಕು.

ಸಾತವ್ವ ಊರ ಹಳೇ ಸೀರಿ, ಅರಬಿ ಎಲ್ಲಾ ಕೂಡಿಸಿ ಕೌದಿ ಹೊಲಿದ್ಲು. ಸಂತ್ಯಾಗ ಹಾಸಿ ಕುಂತ್ಲು. ಕುರುಬರನ್ನೂ ಕರದ್ಲು, ಶೆಟ್ಟರನ್ನೂ ಕರದ್ಲು, ಮುದುಕರನ್ನೂ ಕರದ್ಲು. ಎಲ್ಲಾರೂ ಕೈಯಾಡಿಸಿ "ಏನು ಛಂದ ಅದಾವ" ಅನ್ನೋರು, ಮಡಚಿಟ್ಟು ಹೋಗೋರು. ಹೋಗದೇನು ಮಾಡ್ಯಾರ? ಮನಿಮನಿಗೂ ಅಜ್ಜಿ ಸೀರಿ, ಅವ್ವನ ಸೀರಿ ಕೂಡಿಸಿ ಹೊಲಿದ ಕೌದಿ ಇರತಾವ. ಯಾರದೋ ಸೀರಿ ಹೊಚ್ಕೊಂಡು ಯಾರಿಗೆ ನಿದ್ದಿ ಬರತೈತಿ? ಇದು ಊರಿಗೆಲ್ಲಾ ಗೊತ್ತು, ಸಾತವ್ವಗ ಗೊತ್ತಾಗಲಿಲ್ಲ ನೋಡ್ರಿ. ಗೌಡ್ರ ವಾಡೇಕ್ಕೂ ಒಂದು ಒಯ್ದಳಂತ. ಅದರ ಮ್ಯಾಲ ನಾಯಿ ಮಲಗಿತಂತ.

ಜ್ವಾಳ ತೆನಿ ಬಲೀತು. ಸಾತವ್ವಗ ಎದಿ ಒಣಗಿತು. ಕೌದಿ ಗಂಟು ಹೊತ್ತು ಹೊಳಿಗೆ ಹೋಗಿ, ಅದರ ಮ್ಯಾಲ ತಲಿಯಿಟ್ಟು ಒರಗಿದ್ಲು. ನೀರು ಬಿಸಲಿಗೆ ಝಗಝಗ ಅಂತಿತ್ತು. ತನ್ನ ಕೌದಿ ಎಲ್ಲಾ ಬಿಚ್ಕೊಂಡು ನೀರ ಮ್ಯಾಲ ತೇಲಿ ಆಚಿ ದಂಡಿಗೆ ಹೊಂಟಂಗ ಕಂಡಿತಂತ. ಒಂದೊಂದರ ಮ್ಯಾಲೂ ಒಬ್ಬೊಬ್ಬ ಹುಡುಗಿ ಮಲಗಿದ್ಲಂತ.

ಕಣ್ಣು ಬಿಟ್ರ ಎದುರಿಗೆ ಖರೇನ ಒಂದು ಎತ್ತಿನ ಚಕ್ಕಡಿ. ಹೊಸಾ ಮದಿಮಗಳು, ಗಂಡನ ಮನಿಗೆ ಹೊಂಟಾಕಿ, ಅತ್ತು ಅತ್ತು ಕಣ್ಣು ಬಾತಿದ್ವು. ಮುಷ್ಟ್ಯಾಗ ಅವ್ವನ ಸೆರಗಿನ ಚೂರು. ಬಿಡಿಸಾಕ ಹೋದಾಗ ಹರದು ಬಂದಿತ್ತಂತ.

"ಕೊಡು ಮಗಳ ಇಲ್ಲೆ," ಅಂದ್ಲು ಸಾತವ್ವ.

ಆ ಚೂರು ಕೌದಿ ತಲಿಕಡೆ ಇಟ್ಟು ಹೊಲಿದ್ಲು. ಕೌದಿ ಹೊಟ್ಟಿ ಬರಿದಿರಬಾರದಂತ ಮೂಲ್ಯಾಗ ಒಂದು ರೊಟ್ಟಿ ತುಣಕು ಇಡೂದು ಪದ್ಧತಿ ಅಲ್ಲ? ಅದನ್ನೂ ಹುಡುಗಿ ತವರಿನ ಬುತ್ತಿಯಿಂದ ಮುರಿದು ಇಟ್ಲು. ಹೊಚ್ಚಿದ್ದ ತಡ, ಹುಡುಗಿ ಮಲಗಿತು. ಚಕ್ಕಡಿ ನೀರಿಗಿಳಿದ್ರೂ ಏಳಲಿಲ್ಲಂತ.

ಅಂದಿನಿಂದ ಸಾತವ್ವ ಸಂತಿ ಬಿಟ್ಲು, ಹೊಳಿದಂಡಿ ಹಿಡಿದ್ಲು. ಹೊಳಿ ದಾಟೋ ಹೆಣ್ಣುಮಕ್ಕಳಿಗಷ್ಟ ಹೊಲಿಯೋದು, ಬ್ಯಾರೆ ಯಾರಿಗೂ ಇಲ್ಲ. ಫಕೀರವ್ವ ನಕ್ಕಿದ್ದೇ ನಕ್ಕಿದ್ದು: "ಬರೇ ಅಳೋರಿಗೆ ಮಾರಿದ್ರ ಹೊಟ್ಟಿ ತುಂಬತೈತೇನ?"

"ಎಲ್ಲಾರಿಗೂ ಅಂತ ಕುಂತಾಗ ಒಬ್ಬರೂ ಬರಲಿಲ್ಲಲ್ಲಕ್ಕ," ಅಂದ್ಲಂತ ಸಾತವ್ವ, ಸೂಜಿಗೆ ದಾರ ಪೋಣಿಸ್ಕೋತ.

ಏಳೂರಿನ ತಾಯಂದಿರು ಸೀರಿ ಮಡಚ್ಕೊಂಡು ಬಂದ್ರು. ಕಾಳು ಬಂತು, ಬ್ಯಾಳಿ ಬಂತು. ಸುಗ್ಗಿ ಮುಗಿಯೋ ಮೊದಲ ಸಾತವ್ವನ ಒಲಿ ಬ್ಯಾರೆ ಉರೀತು. ಸುಗ್ಗಿ ಮುಗಿದ ಮರುದಿನ ಬಾಗಿಲಿಗೆ ಬಂದಾಕಿ ಯಾರಂತೀರಿ? ಫಕೀರವ್ವ! ಮನಿ ಬಿಡಸಾಕಲ್ಲ. ಮಗಳ ಮದಿವಿ ಗೊತ್ತಾಗಿತ್ತು, ಹೊಳಿ ಆಚಿ ಊರಿಗೆ. ತನ್ನ ಮದಿವ್ಯಾಗ ಉಟ್ಟ ಧಾರಿ ಸೀರಿ ಎದಿಗೆ ಅವಚ್ಕೊಂಡು ನಿಂತಿದ್ಲು. ಸಾತವ್ವ ಸೀರಿ ಇಸ್ಕೊಂಡು, ಮೂಸಿ ನೋಡಿ, ಚಾಪಿ ಹಾಸಿದ್ಲಂತ.

ಈಗ ಸೇತುವಿ ಆಗೈತಿ, ಚಕ್ಕಡಿ ಹೋಗಿ ಟೆಂಪೊ ಬಂದಾವ. ಆದ್ರೂ ನಮ್ಮ ಕಡಿ ಮಗಳ ಕೌದಿಗೆ ಕಡೀ ಹೊಲಿಗಿ ಮನ್ಯಾಗ ಹಾಕೂದಿಲ್ಲ. ಸೇತುವಿ ಮ್ಯಾಲ ಟೆಂಪೊ ನಿಲ್ಲಿಸಿ, ತವರಿನ ರೊಟ್ಟಿ ಮೂಲ್ಯಾಗಿಟ್ಟು, ಅಲ್ಲೇ ಹಾಕ್ತಾರ. ಹಿಂದಿನ ಬಸ್ಸಿನವ ಎಷ್ಟರ ಹಾರ್ನ್ ಹೊಡಕೊಳ್ಳಲಿ. "ಸಾತವ್ವ, ಹೊಟ್ಟಿ ತುಂಬೇತಿ" ಅಂತ ಹುಡುಗಿ ಅನ್ನೂ ತನಕ ಟೆಂಪೊ ಮುಂದ ಹೋಗೂದಿಲ್ಲ.