ಕೋಟೆಗೆ ಹೊದಿಸಿದ ಕಂಬಳಿ

ಡಿಸ್‌ಮ್ಯಾಂಟಲ್ ಅಂತ ಇಂಗ್ಲಿಷಿನಲ್ಲಿ ಒಂದು ಕ್ರಿಯಾಪದ ಇದೆಯಲ್ಲ, ಕಳಚಿ ಕೆಡವು ಅಂತ ಅರ್ಥ. ಆದರೆ ಅದರ ಹೊಟ್ಟೆಯೊಳಗಿರುವ ಮ್ಯಾಂಟಲ್ ಅಂದರೆ ಬರೀ ಮೇಲುಹೊದಿಕೆ! ಹೊದಿಕೆ ಎಳೆದ ಮಾತ್ರಕ್ಕೆ ಉರುಳಿಬಿದ್ದದ್ದು ಏನು, ಹೇಳಿ ನೋಡೋಣ? ಮದುಮಗನೇ? ಅಲ್ಲ. ಜಗುಲಿಯಲ್ಲಿ ಮಲಗಿದ್ದ ಮಾವನೇ? ಅಯ್ಯೋ, ಅಲ್ಲ ಸ್ವಾಮಿ. ಕೋಟೆ! ಕಲ್ಲಿನ ಕೋಟೆ!

ಒಂದಾನೊಂದು ಊರಿನಲ್ಲಿ ಒಂದು ಕೋಟೆಗೆ ಚಳಿಯಾಯಿತು. ಅದು ಸೀನಿತು. ಒಂದು ಕಲ್ಲು ಉದುರಿ ದೊರೆ ಗುಜ್ಜಲನಾಯಕನ ಅಂಬಲಿಯೊಳಗೆ ಬಿತ್ತು.

"ಊರಿನ ಕಂಬಳಿಯೆಲ್ಲ ತಂದು ಕೋಟೆಗೆ ಹೊದಿಸಿ!" ಅಂದ ದೊರೆ. "ಒಂದೇ ದಾರದಲ್ಲಿ ಹೊಲಿಯಿರಿ. ಎರಡನೇ ದಾರ ದುಂದುಗಾರಿಕೆ."

ಹೊಲಿದರು. ಕೋಟೆ ಬೆಚ್ಚಗಾಯಿತು. ಊರು ನಡುಗಿತು.

ಕೋಟೆಯ ಗೋಡೆಗೇ ಒರಗಿಸಿ ಗುಡಿಸಲು ಕಟ್ಟಿಕೊಂಡಿದ್ದವಳು ಕುರುಬರ ಮಾಳವ್ವ. ಸತ್ತ ಗಂಡ ನೇಯ್ದ ಕಂಬಳಿಯೂ ಕೋಟೆಯ ಪಾಲಾಗಿತ್ತು. ಮಡಿಲಲ್ಲಿ ತಾಯಿಯಿಲ್ಲದ ಹಸುಗೂಸು ಮೊಮ್ಮಗಳು. ಕೂಸು ಮೊದಮೊದಲು ಚಳಿಗೆ ಅತ್ತಿತು. ಆಮೇಲೆ ಅಳುವುದನ್ನೂ ಬಿಟ್ಟಿತು.

"ಕೋಟೆಯಪ್ಪಾ, ನನ್ನದೊಂದು ಕೊಡೋ," ಅಂದಳು ಮಾಳವ್ವ.

"ಕೊಟ್ಟರೆ ನಾಚಿಕೆಯಾಗ್ತದೆ. ನಾಚಿದರೆ ಕುಗ್ಗುತೀನಿ. ಕುಗ್ಗಿದರೆ ನಿನ್ನ ಗುಡಿಸಲ ಮೇಲೇ ಬೀಳ್ತೀನಿ."

"ಇಷ್ಟು ಕಾಲ ಬೆತ್ತಲೆ ನಿಂತಿದ್ದೆಯಲ್ಲೋ, ಆಗ ಎಲ್ಲಿತ್ತೋ ನಾಚಿಕೆ?"

"ಹೊದ್ದ ಮೇಲೆ ಬಂತು."

ದೊರೆಯ ಹತ್ತಿರ ಹೋದಳು.

"ಕೋಟೆ ಬಿದ್ದರೆ ಶತ್ರು ಬರ್ತಾನೆ, ಮುದುಕಿ."

"ಯಾರು ಬುದ್ಧೀ, ಶತ್ರು?"

"ಇನ್ನೂ ಸಿಕ್ಕಿಲ್ಲ. ಹುಡುಕಿಸ್ತಾ ಇದೀವಿ."

ಕೂಸಿನ ತುಟಿ ನೀಲಿಯಾಗುತ್ತಿತ್ತು. ಮಾಳವ್ವ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಗುಡಿಸಲನ್ನು ಒಮ್ಮೆ ನೋಡಿದಳು. ನೇಯುವಾಗ ಗಂಡ ನೂಲಿಗೆ ಬಳಿದಿದ್ದ ಹುಣಸೆಬೀಜದ ಗಂಜಿಯ ವಾಸನೆ ಹಿಡಿದು ತನ್ನ ಕಂಬಳಿಯ ಗುರುತು ಹಚ್ಚಿದಳು. ಎಳೆದಳು. ದಾರ ಒಂದೇ ಅಲ್ಲವೇ? ಸರ್ರನೆ ಬಿಚ್ಚಿತು. ಕಂಬಳಿಗಳೆಲ್ಲ ಜಾರಿ ಬಿದ್ದವು. ಇಡೀ ಊರಿನೆದುರು ಬೆತ್ತಲಾದ ಕೋಟೆ ಎರಡೂ ಕೈಯಲ್ಲಿ ಮೈ ಮುಚ್ಚಿಕೊಳ್ಳಲು ಹೋಯಿತು. ಕೈಯೇ ಇರಲಿಲ್ಲ. ಕುಗ್ಗಿತು, ಕುಗ್ಗಿತು, ಗುಡಿಸಲ ಮೇಲೆ ಕುಸಿದು ಕೂತುಬಿಟ್ಟಿತು.

ಹೊರಗೆ ನಿಂತ ಮಾಳವ್ವ ಸುತ್ತಿದ ಕಂಬಳಿಯೊಳಗೆ ಕೂಸು ಅತ್ತಿತು. ಆ ಅಳು ಕೇಳಿ ಮಾಳವ್ವನಿಗೆ ಉಸಿರು ಬಂತು.

ಕಲ್ಲುರಾಶಿಯ ಮೇಲೆ ದೊರೆ ಕುಣಿದ. "ಸಿಕ್ಕಿದಳು! ಕೊನೆಗೂ ಶತ್ರು ಸಿಕ್ಕಿದಳು! ಕೋಟೆಯಿಂದ ಆಚೆ ಹಾಕಿ!"

ಸೈನಿಕರು ಅವಳನ್ನು ಹೊರಡಿಸಿದರು. ಆದರೆ ಕೋಟೆಯೇ ಇಲ್ಲ, ಆಚೆ ಯಾವುದು? ಆಚೆ ಇಲ್ಲದ ಮೇಲೆ ಈಚೆಯೂ ಇಲ್ಲ. ಕೂಸನ್ನೆತ್ತಿಕೊಂಡ ಮಾಳವ್ವನನ್ನು ಇವತ್ತಿಗೂ ನಡೆಸುತ್ತಲೇ ಇದ್ದಾರೆ. "ಇಲ್ಲೇ ಕೂತ್ಕೊಳ್ಳಲೇನಪ್ಪಾ?" ಅಂತ ಅವಳು ಕೇಳುತ್ತಾಳೆ. "ಇನ್ನೂ ಆಚೆ ಬಂದಿಲ್ಲ, ನಡಿಯಮ್ಮ," ಅನ್ನುತ್ತಾರೆ.

ನೀತಿ ಏನಪ್ಪಾ ಅಂದರೆ, ಕೋಟೆಗೆ ಕಂಬಳಿ ಹೊದಿಸಬೇಡಿ. ಹೊದಿಸಲೇಬೇಕಾದರೆ ಎರಡು ದಾರ ಹಾಕಿ. ಕತೆ ನನ್ನದು, ಚಳಿ ನಿಮ್ಮದು. ಇನ್ನೊಂದೇ ಮಾತು. ಶಿವರಾತ್ರಿ ಬಂದರೆ ಚಳಿ 'ಶಿವಶಿವಾ' ಅಂತ ತಾನೇ ಹೊರಟುಹೋಗುತ್ತದೆ, ಎಲ್ಲರಿಗೂ ಗೊತ್ತು. ಇದೆಲ್ಲ ಆದದ್ದು ಶಿವರಾತ್ರಿಯ ಹಿಂದಿನ ದಿನ: ಮಾಘ ಬಹುಳ ತ್ರಯೋದಶಿ, ಸೋಮವಾರ.